ಮೂರನೆಯ ಮುತ್ತು

ಸೊಲೆನ್,

ಮೂರು ದಿನ ರಜೆ ಸಿಕ್ಕಿತೆಂದು ನಮ್ಮ ಮೊಂಪೆಲಿಯೆಯಿಂದ ಪ್ಯಾರಿಸ್ ನೋಡಲು ಬಂದೆ. ಹತ್ತು ವರ್ಷ ಕರೆದೆಯಲ್ಲ, ನೀನು ತೀರಿಕೊಂಡ ಮೇಲೆ ಬಂದೆ ನೋಡು. ಐಫೆಲ್ ಗೋಪುರ ಹತ್ತಿ ಕಾಲು ನೋಯಿಸಿಕೊಂಡೆ, ದೋಣಿಯಲ್ಲೂ ಸುತ್ತಿದೆ. ಕೊನೆಗೆ ಧೈರ್ಯ ಮಾಡಿ ನಿನ್ನ ಮನೆಯ ಬಾಗಿಲು ತಟ್ಟಿದೆ.

ನಿನ್ನ ಮಗಳು ಎಲೊಡಿ ಇಲ್ಲಿಯವರಂತೆ ಕೆನ್ನೆಗೆ ಎರಡೇ ಮುತ್ತು ಕೊಟ್ಟು ಹಿಂದೆ ಸರಿದಳು. ನಾನು, ಭೇಟಿಯಾದಾಗಲೂ ಬೀಳ್ಕೊಡುವಾಗಲೂ ಮೂರು ಕೊಡುವ ನಮ್ಮೂರ ರೂಢಿಯಂತೆ, ಮೂರನೆಯದಕ್ಕೆ ಕೆನ್ನೆ ಒಡ್ಡಿ ನಿಂತೇ ಇದ್ದೆ. ಅವಳು ನಕ್ಕುಬಿಟ್ಟಳು.

"ಅಯ್ಯೋ ಆಂಟಿ, ಅಮ್ಮಂದೂ ಇದೇ ಕಥೆ! ಇಷ್ಟು ವರ್ಷ ಇಲ್ಲಿದ್ರೂ ಮೂರು ಕೊಡದೆ ಯಾರನ್ನೂ ಬಿಡ್ತಿರ್ಲಿಲ್ಲ," ಎಂದು ಮೂರನೆಯದನ್ನೂ ಕೊಟ್ಟಳು.

ನೀನು ಊರು ಬಿಟ್ಟ ದಿನ, ಸ್ಟೇಷನ್ನಿನಲ್ಲಿ, ಸಿಟ್ಟಿನಿಂದ ನಾನು ಎರಡೇ ಕೊಟ್ಟು ಹೊರಟುಬಿಟ್ಟಿದ್ದೆ. ನೀನು ಕೆನ್ನೆ ಒಡ್ಡಿಕೊಂಡು ಎಷ್ಟು ಹೊತ್ತು ನಿಂತಿದ್ದೆಯೋ, ನಾನು ತಿರುಗಿ ನೋಡಲಿಲ್ಲ.