ಮಕಾಡೆ ಮಲಗಿರುವ ಕುದುರೆಯ ಪರವಾಗಿ

ಮಾನ್ಯ ವಸ್ತುಸಂಗ್ರಹಾಲಯದ ನಿರ್ದೇಶಕರೇ,

ನಿಮ್ಮ ಕಟ್ಟಡದ ಮಹಡಿಯ ಮೇಲೆ, ಮೆಟ್ಟಿಲು ಹತ್ತಿ ಬಲಕ್ಕೆ ತಿರುಗಿದರೆ ಸಿಗುವ ನಾಣ್ಯಗಳ ಕೋಣೆಯಲ್ಲಿ, ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಒಂದು ಕುದುರೆ ಮಕಾಡೆ ಮಲಗಿದೆ. ಕೆಂಪು ಮಖಮಲ್ಲಿಗೆ ಮೂತಿ ಒತ್ತಿಕೊಂಡು ಮಲಗಿರುವ ಅದನ್ನು ದಯವಿಟ್ಟು ಎಬ್ಬಿಸಿ. ನನ್ನ ಅಹವಾಲು ಇಷ್ಟೇ. ಆತುರದಲ್ಲಿರುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಬೀಗದ ಕೈ ಹುಡುಕಲು ಹೊರಡಬಹುದು. ಆದರೆ ನಿಮ್ಮ ಕಚೇರಿಯಲ್ಲಿ ಆತುರದಲ್ಲಿರುವ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲವಾದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ.

ಮೊದಲು ನನ್ನ ಪರಿಚಯ. ನೋಟರಿಯೊಬ್ಬರ ಕಚೇರಿಯಲ್ಲಿ ಕೂತು ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿ ಮಾಡಿಯೇ ನಿವೃತ್ತಳಾದವಳು ನಾನು. ‘ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬ ಸಾಲನ್ನು ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲೆ. ನನ್ನದೇ ಹೆಸರಿನಲ್ಲಿ ಬರೆಯುತ್ತಿರುವ ಎರಡನೇ ಅರ್ಜಿ ಇದು, ಎರಡೂ ಒಂದು ಕುದುರೆಗಾಗಿ ಎಂದರೆ ನನಗೇ ನಗು ಬರುತ್ತದೆ. ನಮ್ಮ ಯಜಮಾನರು ದಂತವೈದ್ಯರು. ಕೈ ನಡುಗಲು ಶುರುವಾದ ಮೇಲೆ ಕ್ಲಿನಿಕ್ ಮುಚ್ಚಿದ್ದಾರೆ. ಹಳೆಯ ಕಾಲದ ನಾಣ್ಯಗಳನ್ನು ಕೂಡಿಡುವುದು ಅವರ ಹುಚ್ಚು. ಮನುಷ್ಯ ತೀರಾ ಸಾಧು. ಹಲ್ಲು ಕೀಳುವಾಗ ಹಲ್ಲಿನ ಕ್ಷಮೆಯನ್ನೂ ಕೇಳುವ ಪೈಕಿ. ಈ ಪತ್ರವನ್ನು ಅವರು ಜನ್ಮದಲ್ಲಿ ಬರೆಯುವವರಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ ನನಗೊಂದು ಕೊಡೆ ತರುತ್ತೇನೆಂದು ಪೇಟೆಗೆ ಹೋದವರು ಕೊಡೆಯ ದುಡ್ಡಿಗೆ ಈ ಕುದುರೆಯಿರುವ ನಾಣ್ಯ ತಂದರು. ತಾಮ್ರದ್ದು, ಹೆಬ್ಬೆರಳಿನ ಉಗುರಿನಷ್ಟಗಲ, ಮೈಯೆಲ್ಲ ಹಸಿರು. ನಾನು ಅದನ್ನು ಬಚ್ಚಲಿಗೆ ಒಯ್ದು ಪಾತ್ರೆ ಉಜ್ಜುವ ಪುಡಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಏದುಸಿರು ಬಿಡುತ್ತಾ ಓಡಿ ಬಂದರು.

“ಅಯ್ಯಯ್ಯೋ, ತೊಳೀಬೇಡ ಕಣೇ! ಆ ಹಸಿರೇ ಅದರ ವಯಸ್ಸು!”

“ಯಾಕ್ರೀ, ವಯಸ್ಸಾದೋರು ಸ್ನಾನ ಮಾಡಬಾರ್ದಾ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಕೊಡೆಯೂ ಬರಲಿಲ್ಲ. ಆ ಮಳೆಗಾಲ ಪೂರ್ತಿ ನಾನು ತೊಯ್ದೆ.

ನಾಣ್ಯದ ಮುಂಭಾಗದಲ್ಲಿ ಒಬ್ಬ ರಾಜ. ನಮ್ಮವರು ಸಿಕ್ಕಸಿಕ್ಕ ಪುಸ್ತಕ ತಡಕಾಡಿ ಅವನ ಬಗ್ಗೆ ತಿಳಿದುಕೊಂಡದ್ದು ಇಷ್ಟು: ಪಟ್ಟಕ್ಕೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ತನ್ನ ಮುಖವಿರುವ ನಾಣ್ಯ ಹೊಡೆಸಿದ್ದು. ಎರಡನೇ ಕೆಲಸಕ್ಕೆ ಕೈ ಹಾಕುವುದರೊಳಗೆ ಸ್ವಂತ ತಮ್ಮನೇ ಅವನನ್ನು ಇಳಿಸಿ ತಾನು ಕೂತ. ಚರಿತ್ರೆಗೆ ಅವನು ಬಿಟ್ಟುಹೋದದ್ದು ಒಂದು ಉದ್ದ ಮೂಗು ಮಾತ್ರ. ಹಿಂಭಾಗದಲ್ಲಿ ಕುದುರೆಯಿದೆ. ಬಾಲ ನಿಗುರಿಸಿಕೊಂಡು ನಾಗಾಲೋಟದಲ್ಲಿ ಓಡುತ್ತಿರುವ ಕುದುರೆ. ಅದಕ್ಕೆ ಐದು ಕಾಲು.

ಹೌದು, ಐದೇ. ಆಗೆಲ್ಲ ಗಟ್ಟಿ ಅಚ್ಚಿನಲ್ಲಿ ಚಿತ್ರ ಕೊರೆದು, ಕಾಯಿಸಿದ ತಾಮ್ರದ ಬಿಲ್ಲೆಯನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರಂತೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದ ಮೇಲೆ ಉಬ್ಬಾಗಿ ಏಳುತ್ತದೆ. ಒಮ್ಮೆ ಕೊರೆದ ಗೆರೆಯನ್ನು ಅಳಿಸುವಂತಿಲ್ಲ. ಅಚ್ಚು ಕೊರೆಯುವ ಯಾರೋ ಪುಣ್ಯಾತ್ಮ ಮುಂಗಾಲೊಂದನ್ನು ಕೊರೆದು, ಯಾಕೋ ಸರಿಯಾಗಲಿಲ್ಲ ಅನ್ನಿಸಿ, ಪಕ್ಕದಲ್ಲೇ ಇನ್ನೊಂದನ್ನು ಕೊರೆದಿದ್ದಾನೆ. ಎರಡೂ ಉಳಿದುಬಿಟ್ಟಿವೆ. ನಮ್ಮವರಿಗೆ ರಾಜನ ಮೂಗಿಗಿಂತ ಈ ಕಾಲಿನ ಮೇಲೇ ಪ್ರೀತಿ. “ಮುಖ ಕೊರೆದದ್ದು ರಾಜ ಹೇಳ್ದ ಅಂತ. ಈ ಕಾಲು ಮಾತ್ರ ಅವನದೇ, ಆ ಕೆಲಸಗಾರನದ್ದು” ಎನ್ನುತ್ತಿದ್ದರು.

ಈ ಕುದುರೆ ನಮ್ಮ ಮನೆಯಲ್ಲಿ ಬಿಟ್ಟಿ ಕೂಳು ತಿನ್ನಲಿಲ್ಲ. ದುಡಿಯಿತು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಊರು ಒಂದು ಮಾಡುವ ಹಾಗೆ ಅಳುವ ಮಕ್ಕಳ ಕೈಗೆ ನಮ್ಮವರು ಈ ನಾಣ್ಯವನ್ನೂ ಒಂದು ಭೂತಗನ್ನಡಿಯನ್ನೂ ಕೊಡುತ್ತಿದ್ದರು. ಮೊದಮೊದಲು ಬರಿಯ ನಾಣ್ಯವನ್ನೇ ಕೊಡುತ್ತಿದ್ದರು. ಒಬ್ಬ, ಹೇಗೂ ಬಾಯಿ ತೆರೆದೇ ಇದೆಯಲ್ಲ ಎಂದು ಅದನ್ನು ಅಲ್ಲೇ ಇಟ್ಟುಕೊಂಡ ಮೇಲೆ ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಬಂತು. “ಈ ಕುದುರೆಗೆ ಕಾಲೆಷ್ಟು, ಎಣಿಸಿ ಹೇಳು ನೋಡೋಣ” ಎನ್ನುತ್ತಿದ್ದರು. ಮಗು ಎಣಿಸುತ್ತದೆ. ಐದು ಬರುತ್ತದೆ. ನಂಬಿಕೆ ಬರುವುದಿಲ್ಲ. ಮತ್ತೆ ಎಣಿಸುತ್ತದೆ. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿರುತ್ತದೆ. ಈ ಊರಿನ ಅರ್ಧ ಜನರ ಹಾಲುಹಲ್ಲು ಕಿತ್ತದ್ದು ನಮ್ಮವರಲ್ಲ, ಆ ಕುದುರೆ.

ಮಕ್ಕಳೆಲ್ಲ ‘ಐದು!’ ಎಂದು ನಗುತ್ತಿದ್ದರು. ಒಬ್ಬಳು ಮಾತ್ರ ನಗಲಿಲ್ಲವಂತೆ. ಕೆನ್ನೆ ಬನ್ನಿನ ಹಾಗೆ ಊದಿಸಿಕೊಂಡು ಬಂದಿದ್ದ ಹುಡುಗಿ, ಆದರೂ ವಾದಕ್ಕೆ ಕಮ್ಮಿಯಿಲ್ಲ. ಎಣಿಸಿ, ಯೋಚಿಸಿ, “ನಾಲ್ಕೇ” ಎಂದಳು.

“ಸರಿಯಾಗಿ ನೋಡಮ್ಮ, ಐದಿದೆ.”

“ಐದು ಕಾಣ್ಸುತ್ತೆ ಡಾಕ್ಟ್ರೇ, ಆದ್ರೆ ಇರೋದು ನಾಲ್ಕೇ. ಅದು ಓಡ್ತಾ ಇದೆ ಅಲ್ವಾ? ಈ ಕಾಲು ಮೊದ್ಲು ಇಲ್ಲಿತ್ತು, ಈಗ ಇಲ್ಲಿಗೆ ಬಂತು. ಅಷ್ಟೇ.”

ಆ ದಿನ ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. “ಇಷ್ಟು ವರ್ಷ ಅದನ್ನ ತಪ್ಪು ಅಂತ ತಿಳ್ಕೊಂಡು ಪ್ರೀತಿಸ್ತಿದ್ದೆ ಕಣೇ. ಅದು ತಪ್ಪೇ ಅಲ್ವೇನೋ. ಅವನು ಕುದುರೇನ ಓಡಿಸೋಕೆ ನೋಡಿರಬೇಕು” ಎಂದರು. ಸಾರು ಆರಿ ತಣ್ಣಗಾಗಿತ್ತು. ಅಲ್ಲಿಂದ ಮುಂದೆ ಕುರ್ಚಿಯೇರಿದ ಪ್ರತಿ ಮಗುವಿಗೂ ಅವರು ಈ ಕಥೆ ಹೇಳಿದರು, ಮತ್ತು ಪ್ರತಿ ಸಲವೂ “ಇದು ನಾನು ಕಂಡುಹಿಡಿದದ್ದಲ್ಲ, ನಿನ್ನಷ್ಟೇ ಎತ್ತರ ಇದ್ದ ಒಬ್ಬಳು ಹುಡುಗಿ ಹೇಳಿಕೊಟ್ಟಿದ್ದು” ಎಂದು ಸೇರಿಸಿದರು.

ಕ್ಲಿನಿಕ್ ಮುಚ್ಚಿದ ಮೇಲೆ ಕುದುರೆಗೂ ಕೆಲಸ ಹೋಯಿತು. ಆಗ ನಿಮ್ಮ ಸಂಸ್ಥೆ ಹೊಸ ನಾಣ್ಯ ವಿಭಾಗ ತೆರೆಯುವ ಸುದ್ದಿ ಬಂತು. ದಾನ ಕೊಡುವ ಜನ ಸಾಮಾನ್ಯವಾಗಿ ಮನೆಯಲ್ಲಿ ಬೇಡವಾದದ್ದನ್ನು ಕೊಡುತ್ತಾರೆ. ನಮ್ಮ ಮಹಾನುಭಾವರು ಉಳಿದ ನಾಣ್ಯಗಳನ್ನೆಲ್ಲ ಇಟ್ಟುಕೊಂಡು ಇದೊಂದನ್ನೇ ಕೊಟ್ಟರು. “ಮಕ್ಕಳು ಬಂದು ಹೋಗೋ ಜಾಗ. ಎಣಿಸ್ಲಿ” ಎಂದರು. ಉದ್ಘಾಟನೆಗೆ ಮಂತ್ರಿಗಳು ಬಂದರು. ಪರಂಪರೆ ಮತ್ತು ಪ್ರಗತಿ ಒಂದೇ ನಾಣ್ಯದ ಎರಡು ಮುಖಗಳು ಎಂದು ಭಾಷಣ ಮಾಡಿದರು. ನೀವು ಪಕ್ಕದಲ್ಲಿ ನಿಂತು ನಕ್ಕು ಚಪ್ಪಾಳೆ ತಟ್ಟಿದಿರಿ. ಆಮೇಲೆ ನಾವು ಪೆಟ್ಟಿಗೆಯ ಬಳಿ ಹೋಗಿ ನೋಡಿದರೆ ನಾಣ್ಯಕ್ಕೆ ಒಂದೇ ಮುಖ! ಮೂಗು ಮೇಲಿದೆ, ಕುದುರೆ ಕೆಳಗಿದೆ. ಪಕ್ಕದ ಚೀಟಿಯಲ್ಲಿ ‘ಹಿಂಬದಿ: ಓಡುತ್ತಿರುವ ಕುದುರೆ’ ಎಂದು ಅಚ್ಚುಕಟ್ಟಾಗಿ ಬರೆದಿದ್ದೀರಿ. ಕಾಣದ ಕುದುರೆಯನ್ನು ಓದಿಕೊಂಡು ತೃಪ್ತರಾಗಿ ಎಂದು ತಾನೇ ಇದರ ಅರ್ಥ? ಹೋಟೆಲಿನವನು ತಿಂಡಿ ಒಳಗಿಟ್ಟು ಬೀಗ ಹಾಕಿ ಮೆನು ಮಾತ್ರ ಕೊಟ್ಟರೆ ನೀವು ಸುಮ್ಮನಿರುತ್ತೀರಾ?

ನಮ್ಮವರು ಸುಮ್ಮನಿದ್ದರು. ಯಾರೋ ಅವಸರದಲ್ಲಿ ಇಟ್ಟಿರಬೇಕು, ತಿರುಗಿಸುತ್ತಾರೆ ಎಂದರು. ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದರು. ಒಂದು ದಿನ ನಾನೂ ಜೊತೆಗಿದ್ದೆ. ಶಾಲೆಯ ಮಕ್ಕಳ ಗುಂಪೊಂದು ಬಂದಿತ್ತು. ನಮ್ಮವರಿಗೆ ತಡೆಯಲಾಗಲಿಲ್ಲ.

“ಮಕ್ಕಳೇ, ಇಲ್ಲೊಂದು ಕುದುರೆ ಇದೆ. ಅದಕ್ಕೆಷ್ಟು ಕಾಲು ಗೊತ್ತಾ?”

“ಎಲ್ಲಜ್ಜ ಕುದುರೆ?”

“ಈ ಮೂಗಿನ ಕೆಳಗೆ.”

ಒಬ್ಬಳು ಹಿಂದೆ ಮುಂದೆ ನೋಡದೆ ನೆಲದ ಮೇಲೆ ಅಂಗಾತ ಮಲಗಿ ಪೆಟ್ಟಿಗೆಯ ಅಡಿಗೆ ತೂರಿದಳು. “ಬರೀ ಹಲಗೆ ಇದೆ ಅಜ್ಜಾ” ಎಂದು ಒಳಗಿಂದ ಕೂಗಿದಳು. ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಮೂಲೆಯ ಸ್ಟೂಲಿನಲ್ಲಿ ಫೋನ್ ಚಾರ್ಜಿಗೆ ಹಾಕಿಕೊಂಡು ಕೂತಿದ್ದ ನಿಮ್ಮ ಕಾವಲುಗಾರ ಎದ್ದು ಬಂದ. “ಯಜಮಾನ್ರೇ, ಇಲ್ಲಿ ಗುಂಪು ಸೇರಿಸ್ಬೇಡಿ. ದಿನಾ ಬಂದು ಇಲ್ಲೇ ನಿಂತ್ಕೋತೀರಿ, ನಾನು ನೋಡ್ತಾನೇ ಇದೀನಿ. ಪೆಟ್ಟಿಗೆಯಿಂದ ದೂರ ಇರಿ” ಎಂದ. ತಾನೇ ಕೊಟ್ಟ ನಾಣ್ಯದಿಂದ ದೂರ! ನಮ್ಮವರು “ಸಾರಿ” ಎಂದು ಹೇಳಿ ಮೆಟ್ಟಿಲಿಳಿದರು. ಅಂದಿನಿಂದ ನಿಮ್ಮ ಕಡೆ ತಲೆ ಹಾಕಿಲ್ಲ. ಮನೆಯಲ್ಲಿರುವ ನಾಣ್ಯಗಳ ಡಬ್ಬಿಯನ್ನೂ ತೆರೆಯುತ್ತಿಲ್ಲ. ಪೇಪರ್ ಹಿಡಿದು ಕೂತಿರುತ್ತಾರೆ, ಪುಟ ತಿರುಗುವುದಿಲ್ಲ. ಜನ್ಮವಿಡೀ ಅವರ ನಾಣ್ಯದ ಪುರಾಣ ಸಾಕಪ್ಪಾ ಸಾಕು ಎಂದು ಗೊಣಗಿದವಳು ನಾನು. ಈಗ ಅವರು ಆ ಪುರಾಣ ಹೇಳಲಿ ಎಂದು ನಾನೇ ಡಬ್ಬಿಯನ್ನು ಅವರ ಮುಂದೆ ತಂದಿಡುತ್ತೇನೆ.

ಹಾಗಾಗಿ ನಾನೇ ನಿಮ್ಮ ಕಚೇರಿಗೆ ಬಂದೆ. ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದರು. ಗುಮಾಸ್ತರು ಸಿಕ್ಕರು.

“ತಿರುಗಿಸೋದು ಅಂದ್ರೆ ಅಷ್ಟು ಸುಲಭ ಅಲ್ಲಮ್ಮ. ವಿಮೆ ಕಾಗದದಲ್ಲಿ ರಾಜನ ಫೋಟೊ ಇದೆ. ಕುದುರೆ ಮೇಲೆ ಬಂದ್ರೆ ತಪಾಸಣೆಗೆ ಬಂದೋರು ರಾಜ ಎಲ್ಲಿ ಅಂತಾರೆ. ರಾಜ ಕಳುವಾಗಿದ್ದಾನೆ ಅಂತ ಆಗುತ್ತೆ.”

“ಕುದುರೆ ಕೆಳಗೇ ಇರ್ತಾನಲ್ಲಪ್ಪ ರಾಜ?”

“ಅದು ನಿಮಗೆ ಗೊತ್ತು, ನನಗೆ ಗೊತ್ತು. ಫೈಲಿಗೆ ಗೊತ್ತಾಗ್ಬೇಕಲ್ಲ?”

ಈ ತತ್ವಜ್ಞಾನ ಕೇಳಿಸಿಕೊಂಡು ಅಲ್ಲೇ ಅರ್ಜಿ ಬರೆದುಕೊಟ್ಟು ಬಂದೆ. ಬಹಳ ಕಾಲದ ನಂತರ ತಮ್ಮ ಸಹಿಯಿರುವ ಉತ್ತರ ಬಂತು. ‘ಸದರಿ ನಾಣ್ಯದ ಹಿಂಬದಿಯಲ್ಲಿ ಕೊರೆತದ ದೋಷವಿರುವುದರಿಂದ, ದೋಷಯುಕ್ತ ಭಾಗವನ್ನು ಸಾರ್ವಜನಿಕ ವೀಕ್ಷಣೆಗೆ ಇಡುವುದು ಸಂಸ್ಥೆಯ ಘನತೆಗೆ ತಕ್ಕುದಲ್ಲ.’

ಓದಿ ಮೈ ಉರಿಯಿತು. ದೋಷವಂತೆ! ದೋಷವಿರುವುದನ್ನು ಮುಚ್ಚಿಡುವುದಾದರೆ ಆ ರಾಜನನ್ನು ಯಾಕೆ ಮೇಲೆ ಮಲಗಿಸಿದ್ದೀರಿ? ಮೂಗು ಬಿಟ್ಟರೆ ಅವನ ಆಳ್ವಿಕೆಯಲ್ಲಿ ನೆಟ್ಟಗಿದ್ದದ್ದು ಏನಿತ್ತು? ನಿಮ್ಮ ಕೆಳಗಿನ ಕೋಣೆಯಲ್ಲಿರುವ ಕೈ ಮುರಿದ, ತಲೆ ಹಾರಿದ ವಿಗ್ರಹಗಳನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೀರಾ? ದೇಶದ ಚರಿತ್ರೆಯಲ್ಲಿ ಕೆಲಸಗಾರನೊಬ್ಬ ತಾನಾಗಿ ಯೋಚಿಸಿ ಎಳೆದ ಗೆರೆ ಸಿಗುವುದೇ ಅಪರೂಪ. ಸಿಕ್ಕ ಒಂದನ್ನೂ ಮಖಮಲ್ಲಿನಲ್ಲಿ ಹುದುಗಿಸಿ, ಪಟ್ಟದಿಂದ ಇಳಿದವನ ಮೂಗಿಗೆ ಮಾತ್ರ ದೀಪ ಹಾಕುವುದು ಯಾವ ಘನತೆ?

ಈಗ ನನ್ನ ಬೇಡಿಕೆ. ನಾಣ್ಯವನ್ನು ತಿರುಗಿಸಿ. ವಿಮೆಯವರ ಭಯವಿದ್ದರೆ ಕುದುರೆಯ ಫೋಟೊವೊಂದನ್ನು ತೆಗೆದು ಫೈಲಿಗೆ ಅಂಟಿಸಿ, ನಾಣ್ಯಕ್ಕೆ ಎರಡು ಬದಿ ಇರುವ ಸಂಗತಿಯನ್ನು ಅದಕ್ಕೂ ತಿಳಿಸಿ. ಅದೂ ಆಗದಿದ್ದರೆ ನಾಣ್ಯವನ್ನು ಗಾಜಿನ ಹಲಗೆಯ ಮೇಲಿಟ್ಟು ಕೆಳಗೊಂದು ಕನ್ನಡಿ ಇಡಿ. ಕನ್ನಡಿಗೆ ಹಣ ಮಂಜೂರಾಗಿಲ್ಲ ಎನ್ನುವಿರಿ ಎಂದು ಗೊತ್ತು. ಆದ್ದರಿಂದ ಈ ಪತ್ರದ ಜೊತೆ ನಮ್ಮವರು ಹಲ್ಲಿನ ಹಿಂಬದಿ ನೋಡಲು ಬಳಸುತ್ತಿದ್ದ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕಾಣದ ಬದಿಯನ್ನು ಕಾಣಿಸುವುದಕ್ಕೆಂದೇ ಮಾಡಿದ್ದು. ಬಿಸಿನೀರಿನಲ್ಲಿ ಕುದಿಸಿದ್ದೇನೆ.

ಆ ಕನ್ನಡಿಯನ್ನು ಪೆಟ್ಟಿಗೆಯಲ್ಲಿ ಇಡುವ ಮೊದಲು ಒಮ್ಮೆ ನಿಮ್ಮದೇ ಬಾಯಿಗೆ ಹಿಡಿದು ನೋಡಿಕೊಳ್ಳಿ. ರೋಗಿಗಳ ವಿಷಯವನ್ನು ಹೊರಗೆ ಆಡಬಾರದು ಎಂಬುದು ನಮ್ಮವರ ನಿಯಮ. ಆದರೆ ನಾನು ಡಾಕ್ಟರಲ್ಲ, ಟೈಪಿಸ್ಟು. ಉದ್ಘಾಟನೆಯ ಮರುದಿನ ಪೇಪರಿನಲ್ಲಿ ನೀವು ನಗುತ್ತಿರುವ ಫೋಟೊ ಬಂದಿತ್ತು. ನಮ್ಮವರು ಭೂತಗನ್ನಡಿ ಹಿಡಿದು ಅದನ್ನು ನೋಡಿದವರು ಕುರ್ಚಿಯಿಂದ ಎದ್ದೇಬಿಟ್ಟರು. “ಎಡಗಡೆ ಕೋರೆಹಲ್ಲು ಮೇಲೆ ಹತ್ತಿ ಕೂತಿದೆ ನೋಡೇ! ತಂತಿ ಹಾಕ್ಸಿ ಅಂತ ಅವರಮ್ಮನಿಗೆ ಬಡ್ಕೊಂಡೆ, ಕೇಳ್ಲಿಲ್ಲ. ಅದೇ ಹುಡುಗಿ ಕಣೇ, ನಾಲ್ಕೇ ಅಂದೋಳು! ನಾಣ್ಯ ಒಳ್ಳೇ ಕೈಗೇ ಹೋಗಿದೆ” ಎಂದು ಮನೆಯೆಲ್ಲ ಓಡಾಡಿದರು. ಆಮೇಲೆ ನಾನು, ಹೋಗಿ ನೆನಪು ಮಾಡಿ ಬನ್ನಿ ಎಂದರೆ, “ಛೆ, ಹಲ್ಲು ಕಿತ್ತೆ ಅಂತ ಉಪಕಾರ ಕೇಳೋದಾ?” ಎಂದರು. ನಿಮ್ಮ ಸಹಿಯಿರುವ ಆ ಉತ್ತರವನ್ನು ನಾನು ಅವರಿಗೆ ತೋರಿಸಿಲ್ಲ. ತೋರಿಸುವ ಧೈರ್ಯವೂ ನನಗಿಲ್ಲ.

ಅದು ದೋಷವಲ್ಲ, ಕುದುರೆ ಓಡುತ್ತಿದೆ ಎಂದು ನಮಗೆ ಹೇಳಿಕೊಟ್ಟವರು ನೀವು, ನಿರ್ದೇಶಕರೇ. ಕೆನ್ನೆ ಊದಿದ್ದಾಗ ನಿಮಗೆ ಕಂಡದ್ದು ಈಗ ಯಾಕೆ ಕಾಣುತ್ತಿಲ್ಲ? ಬೀಗದ ಕೈ ಸಿಕ್ಕ ಕೂಡಲೇ ತಿಳಿಸಿ. ನೀವೇ ಬಂದು ನಿಮ್ಮ ಕೈಯಾರೆ ತಿರುಗಿಸಬೇಕು, ನಮ್ಮವರು ಎದುರಿಗಿರಬೇಕು, ಆ ಕಾವಲುಗಾರ ಅವರಿಗೆ ತನ್ನ ಸ್ಟೂಲು ಬಿಟ್ಟುಕೊಡಬೇಕು. ಒಂದು ದಿನ ಮುಂಚೆಯೇ ಹೇಳಿ. ಅವರ ಅಂಗಿಗೆ ಇಸ್ತ್ರಿ ಹಾಕಬೇಕು.

ಇಂತಿ,
ಕೊಡೆ ಕೇಳಿ ಕುದುರೆ ಪಡೆದವಳು,
ನಿಮ್ಮ ಹಲ್ಲಿನ ಡಾಕ್ಟರ ಹೆಂಡತಿ