ದಿವಾನದ ಕೆಳಗಿನ ವೂಫರ್

ಮನೆಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಬುಗುರಿ,

ಹೇಗಿದ್ದೀಯಮ್ಮಾ? ನಿನ್ನ ಗಂಟಲು ಈಗ ಹೇಗಿದೆ? ನಲವತ್ತು ಪುಟಾಣಿಗಳ ಮುಂದೆ ದಿನವಿಡೀ ಕೂಗಿದರೆ ಯಾವ ಗಂಟಲು ತಾನೇ ಉಳಿಯುತ್ತದೆ? ಬಿಸಿನೀರು ಕುಡಿ, ಫ್ಯಾನಿನ ನೇರಕ್ಕೆ ಮಲಗಬೇಡ. ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಮಾತ್ರೆ ನುಂಗುತ್ತೇನೆ. ಅನ್ನ ಎರಡು ಸಲ ಸೀದಿದ್ದು ಬಿಟ್ಟರೆ ಅಡುಗೆಮನೆಯಲ್ಲಿ ದೊಡ್ಡ ಅನಾಹುತವೇನೂ ಆಗಿಲ್ಲ.

ಅಪ್ಪ ಏನು ಇದ್ದಕ್ಕಿದ್ದಂತೆ ಕಾಗದ ಬರೆಯಲು ಕೂತಿದ್ದಾನೆ ಎಂದು ನಗಬೇಡ. ಹೋದ ತಿಂಗಳು ನೀನು ಫೋನಿನಲ್ಲಿ ಬರೆದು ಕಳಿಸಿದ ಮಾತನ್ನು ಇಪ್ಪತ್ತು ಸಲ ಓದಿದ್ದೇನೆ. "ಏಳು ತಿಂಗಳಿಂದ ಫೋನ್ ಮಾಡ್ತಾನೇ ಇದ್ದೀನಿ. ಎತ್ತೋದಿಲ್ಲ, ಎತ್ತಿದ್ರೂ ಹೂಂ ಹೂಂ ಅಂತ ಇಟ್ಬಿಡ್ತೀಯ. ನಾನೇನು ತಪ್ಪು ಮಾಡಿದೆ ಅಪ್ಪ?" ಎಂದು ಕೇಳಿದ್ದೆ. ನಿನ್ನ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ. ನನಗೆ ಕಿವಿ ಕೇಳುವುದಿಲ್ಲ ಮಗಳೇ. ಈ ಒಂದು ಸಾಲು ಬರೆಯಲು ಮೂರು ಹಾಳೆ ಹರಿದಿದ್ದೇನೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಕಾಲು ಭಾಗ ಉಳಿದಿದೆ. ಇದು ನಿನ್ನೆ ಮೊನ್ನೆಯದಲ್ಲ, ಐದು ವರ್ಷದ ಕಥೆ.

ಮೂವತ್ತೊಂದು ವರ್ಷ ಕಾರುಗಳಿಗೆ ಸ್ಪೀಕರ್ ಕೂರಿಸಿದವನು ನಾನು. ಡಿಕ್ಕಿಯೊಳಗೆ ತಲೆ ತೂರಿಸಿ, ದಪ್ಪ ದನಿ ಬಡಿಯುವ ವೂಫರಿಗೆ ಮುಖ ಕೊಟ್ಟು, ಗಾಜು ನಡುಗುವವರೆಗೆ ಏರಿಸಿ ನೋಡುವುದು ದಿನಕ್ಕೆ ಏಳೆಂಟು ಸಲ. ಹಾಗಿದ್ದ ಮೇಲೆ ಕಿವಿಯನ್ನು ಬೈದು ಏನು ಬಂತು? ಮೊದಮೊದಲು ಸಣ್ಣ ದನಿಗಳು ಹೋದವು, ಕುಕ್ಕರಿನ ಸೀಟಿ, ಬಾಗಿಲ ಗಂಟೆ. ಆಮೇಲೆ ಮನುಷ್ಯರ ಮಾತು ಹೋಯಿತು. ಅಂಗಡಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡೆ. ಗಿರಾಕಿ ಬಂದು ಕಾರಿನ ಬಾಗಿಲು ಗಡಗಡ ಎನ್ನುತ್ತದೆ ಎಂದರೆ ಅಂಗೈ ಇಟ್ಟು ಎಲ್ಲಿ ಸಡಿಲವಾಗಿದೆ ಎಂದು ಹಿಡಿಯುತ್ತಿದ್ದೆ. "ಮೇಸ್ತ್ರಿ ಕೈಯಲ್ಲೇ ಕೇಳಿಸ್ಕೋತಾರೆ" ಎಂದು ಹೊಗಳುತ್ತಿದ್ದರು. ನಾನು ಮೀಸೆಯಡಿಯಲ್ಲಿ ನಗುತ್ತಿದ್ದೆ. ಶಬ್ದ ಮಾರುವವನಿಗೇ ಕಿವುಡು ಎಂದು ಗೊತ್ತಾದರೆ ಯಾವ ಮುಖ ಹೊತ್ತು ಗಲ್ಲಾದ ಮೇಲೆ ಕೂರುವುದು ಹೇಳು? ಮನೆಯಲ್ಲೂ ಅದೇ ಆಟ. ತುಟಿ ನೋಡಿ ಅಂದಾಜು ಮಾಡುವುದು, ಗೊತ್ತಾಗದಿದ್ದರೆ "ನೋಡೋಣ ಬಿಡು" ಎನ್ನುವುದು. "ನೋಡೋಣ" ಎಂಬುದು ಎಲ್ಲ ಪ್ರಶ್ನೆಗೂ ಹೊಂದುವ ಉತ್ತರ, ಬೇಕಾದರೆ ನೀನೂ ಶಾಲೆಯಲ್ಲಿ ಹೇಳಿ ನೋಡು.

ಅಮ್ಮ ಹೋದ ಮೇಲೆ ಅಂಗಡಿ ಮುಚ್ಚಿದ್ದು ನಿನಗೆ ಗೊತ್ತು. ಕಾರನ್ನೂ ಕೊಟ್ಟುಬಿಟ್ಟೆ. ಕೊಂಡವರು ವಯಸ್ಸಾದ ದಂಪತಿ. ಹಿಂದೆ ಇರುವ ದೊಡ್ಡ ಡಬ್ಬ ನಮಗೆ ಬೇಡ, ಚೀಲ ಇಡಲು ಜಾಗ ಬೇಕು ಎಂದು ಕೈಸನ್ನೆಯಲ್ಲೇ ತಿಳಿಸಿದರು. ಹೀಗೆ ಆ ಡಬ್ಬದ ವೂಫರ್ ಮನೆಯೊಳಗೆ ಬಂತು. ನೀನು ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಕುಣಿಯೋ ಕುರ್ಚಿ ಎನ್ನುತ್ತಿದ್ದೆಯಲ್ಲ, ಅದೇ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಹೊಟ್ಟೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗಾಗುತ್ತೆ ರೀ, ತೆಗೀರಿ ಅದನ್ನ" ಎಂದು ಮುಂದಿನ ಸೀಟಿನಲ್ಲಿ ಸೆರಗು ಬಿಗಿಹಿಡಿದು ಕೂರುತ್ತಿದ್ದಳು.

ಒಂದು ತಿಂಗಳು ಅದು ಮೂಲೆಯಲ್ಲೇ ಬಿದ್ದಿತ್ತು. ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಕೈ ತುರಿಸಿತು. ಕಾರಿನ ವೂಫರನ್ನು ಮನೆಯಲ್ಲಿ ಹಾಡಿಸುವುದು ಎಂದರೆ ಕೆರೆಯ ಮೀನನ್ನು ಬಕೆಟ್ಟಿಗೆ ಬಿಟ್ಟ ಹಾಗಲ್ಲ, ಬಕೆಟ್ಟಿನ ಮೀನನ್ನು ಕೆರೆಗೆ ಬಿಟ್ಟ ಹಾಗೆ. ಕಾರು ಚಿಕ್ಕ ಗೂಡು, ಶಬ್ದ ಅಲ್ಲೇ ಸುತ್ತಿ ತುಂಬಿಕೊಳ್ಳುತ್ತದೆ. ಮನೆಯ ಕೋಣೆ ಅದನ್ನು ನುಂಗಿ ನೀರು ಕುಡಿದುಬಿಡುತ್ತದೆ. ಎಷ್ಟೋ ಗಿರಾಕಿಗಳಿಗೆ ಇದನ್ನೇ ಹೇಳಿ ವಾಪಸು ಕಳಿಸಿದವನು ಈಗ ನಾನೇ ಸ್ಕ್ರೂಡ್ರೈವರ್ ಹಿಡಿದು ಕೂತೆ. ಕಾರಿನ ಆಂಪ್ಲಿಫೈಯರಿಗೆ ಗೋಡೆಯ ಕರೆಂಟು ನೇರವಾಗಿ ಕೊಟ್ಟರೆ ಹೊಗೆಯೇ ಗತಿ, ಅದಕ್ಕೆ ಬೇಕಾದ್ದು ಬ್ಯಾಟರಿಯ ಹನ್ನೆರಡು ವೋಲ್ಟು. ಮೊದಲು ಹಳೆಯ ಕಂಪ್ಯೂಟರಿನೊಳಗೆ ಕರೆಂಟನ್ನು ಅಷ್ಟಕ್ಕೆ ಇಳಿಸಿ ಕೊಡುವ ಸಪ್ಲೈ ಜೋಡಿಸಿದೆ. ಒಂದೊಂದು ಏಟಿಗೂ ಅದು ಉಸಿರುಗಟ್ಟಿ ಆಫ್ ಆಯಿತು. ಆಮೇಲೆ ಅಂಗಡಿಯ ಹೆಸರಿನ ಬೋರ್ಡಿಗೆ ದೀಪ ಉರಿಸುತ್ತಿದ್ದ ದೊಡ್ಡ ಸಪ್ಲೈ ನೆನಪಾಯಿತು. ಅದನ್ನು ಕೊಟ್ಟ ಮೇಲೆ ತಣ್ಣಗೆ ಕೂತಿತು. ಕಾರಿನಲ್ಲಿ ಕೀಲಿ ತಿರುಗಿಸಿದರೆ ಆಂಪ್ಲಿಫೈಯರನ್ನು ಎಬ್ಬಿಸಲು ಒಂದು ಸಣ್ಣ ತಂತಿ ಇರುತ್ತದೆ, ಅದನ್ನೂ ಸಪ್ಲೈಗೇ ಕಟ್ಟಿದೆ. ಹಳೆಯ ಡಬ್ಬ ಉಬ್ಬಿಹೋಗಿತ್ತು. ಅಂಗಡಿಯ ಗಲ್ಲಾ ಮೇಜಿನ ಹಲಗೆ ಕೊಯ್ದು ಹೊಸದು ಮಾಡಿದೆ, ಎಲ್ಲೂ ಗಾಳಿ ಸೋರದಂತೆ ಒಳಗೆಲ್ಲ ಅಂಟು ಬಳಿದೆ. ಕೊನೆಗೆ ನಡುಮನೆಯ ಮೂಲೆಯಲ್ಲಿ ದಿವಾನ ಮಂಚದ ಕೆಳಗೆ ಕೂರಿಸಿ ನಾಲ್ಕು ಬೋಲ್ಟು ಹಾಕಿ ಮರಕ್ಕೇ ಬಿಗಿದೆ.

ಫೋನು ಸಿಕ್ಕಿಸಿ ಒಂದು ಡೋಲಿನ ಹಾಡು ಹಾಕಿ ದಿವಾನದ ಮೇಲೆ ಮಲಗಿದೆ ನೋಡು. ಬೆನ್ನಹುರಿಯಲ್ಲಿ ತಾಳ ಎದ್ದಿತು. ಎರಡು ವರ್ಷದ ಮೇಲೆ ಒಂದು ಹಾಡು ನನ್ನನ್ನು ಮುಟ್ಟಿತ್ತು. ಅರವತ್ತೆರಡರ ಮುದುಕ ಕಾಲಿನ ಹೆಬ್ಬೆರಳು ಕುಣಿಸುತ್ತಾ ಮಲಗಿದ್ದನ್ನು ನೀನು ಕಂಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದೆ.

ಆಗ ಒಂದು ಆಸೆ ಹುಟ್ಟಿತು. ಅಮ್ಮ ನನ್ನ ಫೋನಿಗೆ ಮಾತಾಡಿ ಕಳಿಸುತ್ತಿದ್ದಳಲ್ಲ, ಆ ಧ್ವನಿಗಳೆಲ್ಲ ಹಾಗೇ ಇವೆ, ಎಂಬತ್ತಮೂರು. ಟೈಪು ಮಾಡಲು ಅವಳಿಗೆ ಬೇಸರ, ಗುಂಡಿ ಒತ್ತಿ ಮಾತಾಡಿಬಿಡುತ್ತಿದ್ದಳು. ಬಲ್ಬು ತನ್ನಿ, ಸಾಬೂನು ತನ್ನಿ ಎಂದಿರಬೇಕು. ನಾನು ಬರಿಗೈಯಲ್ಲಿ ಬಂದು "ಅಯ್ಯೋ ಮರೆತೆ" ಎನ್ನುತ್ತಿದ್ದೆ. ಆಮೇಲೆ ಅವಳು ಬೆಳಿಗ್ಗೆಯೇ ಚೀಟಿ ಬರೆದು ನನ್ನ ಜೇಬಿಗೆ ತುರುಕತೊಡಗಿದಳು. ವಿಚಿತ್ರವೆಂದರೆ ಚೀಟಿ ಶುರುವಾದ ಮೇಲೂ ಫೋನಿಗೆ ಧ್ವನಿ ಬರುವುದು ನಿಲ್ಲಲಿಲ್ಲ. ಏನು ಹೇಳಿದ್ದಾಳೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು.

ವೂಫರ್ ಮಾತಿಗೆ ಹುಟ್ಟಿದ್ದಲ್ಲ. ಹೆಂಗಸರ ದನಿ ಅದರ ಬಾಗಿಲಲ್ಲೇ ನಿಂತುಬಿಡುತ್ತದೆ. ಆಂಪ್ಲಿಫೈಯರಿನಲ್ಲಿ ತೆಳ್ಳಗಿನ ದನಿಗಳನ್ನು ತಡೆಯುವ ಒಂದು ಸ್ವಿಚ್ಚಿದೆ, ಅದನ್ನು ಆಫ್ ಮಾಡಿದೆ. ಅಂಗೈಯನ್ನು ಹಲಗೆಗೆ ಒತ್ತಿ ಮೊದಲನೆಯದನ್ನು ಹಾಕಿದೆ. ಜೇನುಗೂಡಿನೊಳಗೆ ಕೈ ಇಟ್ಟ ಹಾಗೆ ಸಣ್ಣಗೆ ಜುಮುಗುಟ್ಟಿತು. ನಿಂತಿತು. ಮತ್ತೆ ಬಂತು. ಪದ ಒಂದೂ ತಿಳಿಯಲಿಲ್ಲ, ಆದರೆ ಅದು ಅವಳೇ. ಒಂದು ಮಾತು ಮುಗಿಸಿ ಉಸಿರೆಳೆದು "ಆಮೇಲೆ ಇನ್ನೊಂದು" ಎಂದು ಶುರು ಮಾಡುವ ಅವಳ ಚಾಳಿ ಇತ್ತಲ್ಲ, ಆ ತಡೆ ಕೈಗೆ ಸಿಕ್ಕಿತು. ನಗು ಸಿಕ್ಕಿತು, ಅದು ಪುಟ್ಟ ಪುಟ್ಟ ಬಡಿತ. ಎದೆಯನ್ನೇ ಹಲಗೆಗೆ ಒತ್ತಿ ಬೋರಲು ಮಲಗಿದೆ. ದಿನವೂ ತಿಂಡಿ ಮುಗಿಸಿ ಮಲಗುವುದು, ಎಂಬತ್ತಮೂರೂ ಮುಗಿದ ಮೇಲೆ ಏಳುವುದು. ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಯಾರೋ ಭುಜ ಅಲುಗಾಡಿಸಿದರು. ನೋಡಿದರೆ ಎದುರುಮನೆಯ ಟೈಲರಮ್ಮ, ಮುಖ ಕೆಂಪಗೆ. ನಾನು ಶಬ್ದವನ್ನು ಎಷ್ಟು ಏರಿಸಿದ್ದೆ ಎಂದು ನನಗೇನು ಗೊತ್ತು! ಅವರ ಮೇಜಿನ ಮೇಲಿನ ಕತ್ತರಿ ತಾನಾಗಿ ನಡೆದು ಕೆಳಗೆ ಬಿದ್ದಿತಂತೆ, ನೂಲಿನ ಉಂಡೆಗಳೆಲ್ಲ ಉರುಳಿದವಂತೆ. ಹತ್ತು ನಿಮಿಷ ಬಾಗಿಲು ಬಡಿದು, ಕೊನೆಗೆ ಹಿತ್ತಲಿಂದ ಒಳಗೆ ಬಂದಿದ್ದರು. ನಾನು "ನೋಡೋಣ ಬಿಡಿ" ಎಂದೆ. ಅವರು ಸೊಂಟಕ್ಕೆ ಸಿಕ್ಕಿಸಿದ್ದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ದಿವಾನದ ಹಲಗೆಯ ಮೇಲೆ ಬರೆದರು: "ಅಣ್ಣಾ, ನಿಮಗೆ ಕಿವಿ ಕೇಳೋದಿಲ್ವಾ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನಾನು ತಲೆಯಾಡಿಸಿದೆ. ಆಮೇಲೆ ಅವರ ಮುಂದೆ ಮಗುವಿನ ಹಾಗೆ ಅತ್ತೆ, ಬರೆಯಲು ನಾಚಿಕೆಯಾಗುತ್ತದೆ.

ಮಾರನೆಯ ದಿನವೇ ಅವರು ನನ್ನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಗಾಜಿನ ಗೂಡಿನಲ್ಲಿ ಕೂರಿಸಿ ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಹೊರಗೆ ಕೂತಿದ್ದ ಹುಡುಗಿಯ ಬೆರಳು ನೋಡಿ ನೋಡಿ ಒತ್ತಿದೆ. ಎಲ್ಲವೂ ಸರಿ ಬರುತ್ತಿದ್ದುದನ್ನು ಕಂಡು ಅವಳಿಗೆ ಅನುಮಾನ ಬಂದು ಬೆನ್ನು ತಿರುಗಿಸಿ ಕೂತಳು. ಅಲ್ಲಿಗೆ ನನ್ನ ಐದು ವರ್ಷದ ನಾಟಕ ಮುಗಿಯಿತು. ಬಲಗಿವಿಗೆ ಯಂತ್ರ ಹಾಕುತ್ತಾರಂತೆ. ಎದುರು ಕೂತು ನಿಧಾನವಾಗಿ ಆಡಿದ ಮಾತು ಒಂದಷ್ಟು ಹಿಡಿಯುತ್ತದಂತೆ. ಫೋನಿನ ಆಸೆ ಬೇಡ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

ಟೈಲರಮ್ಮ ಇನ್ನೊಂದು ಉಪಕಾರ ಮಾಡಿದರು. ಅಮ್ಮನ ಎಂಬತ್ತಮೂರು ಮಾತುಗಳನ್ನೂ ತಮ್ಮ ಕಿವಿಗೆ ಹಿಡಿದು ಕೇಳಿ, ಅಳತೆಯ ಪುಸ್ತಕದಲ್ಲಿ ಬರೆದುಕೊಟ್ಟರು. ಯಾರದೋ ತೋಳಿನ ಉದ್ದ, ಸೊಂಟದ ಸುತ್ತಳತೆಯ ಪಕ್ಕದಲ್ಲೇ ನಿನ್ನ ಅಮ್ಮನ ಮಾತು. ಮೊದಲಿನವೆಲ್ಲ ಬಲ್ಬು, ಸಾಬೂನು, "ಬೇಗ ಬನ್ನಿ". ಚೀಟಿ ಶುರುವಾದ ಮೇಲಿನವು ಬೇರೆ. ಒಂದರಲ್ಲಿ ಹೀಗಿದೆ: "ನಿಮಗೆ ಕೇಳೋದಿಲ್ಲ ಅಂತ ಗೊತ್ತಿದ್ದೇ ಹೇಳ್ತಿದ್ದೀನಿ ರೀ. ಎದುರಿಗೆ ಹೇಳೋಕೆ ನನಗೂ ನಾಚಿಕೆ. ಆ ನೀಲಿ ಅಂಗಿಯಲ್ಲಿ ಇವತ್ತು ಚೆನ್ನಾಗಿ ಕಾಣ್ತಿದ್ರಿ."

ಅವಳಿಗೆ ಗೊತ್ತಿತ್ತು ಮಗಳೇ. ಮಾತಾಡುವಾಗಲೆಲ್ಲ ಎದುರಿಗೆ ಬಂದು ನಿಲ್ಲುತ್ತಿದ್ದಳು, ಭುಜ ಮುಟ್ಟಿ ಕರೆಯುತ್ತಿದ್ದಳು. ವಯಸ್ಸಾದ ಮೇಲೆ ಇವಳಿಗೆ ಪ್ರೀತಿ ಜಾಸ್ತಿಯಾಯಿತು ಎಂದು ನಾನು ಒಳಗೊಳಗೇ ಬೀಗಿದ್ದೆ. ಕೊನೆಯದನ್ನು ಟೈಲರಮ್ಮ ಬರೆದು, ಪುಸ್ತಕ ನನ್ನ ಮುಂದಿಟ್ಟು ಎದ್ದು ಹೋದರು. ಅಮ್ಮ ಹೋಗುವುದಕ್ಕೆ ಎಂಟು ದಿನ ಮುಂಚಿನದು. "ಇವತ್ತು ಹಿತ್ತಲಿಂದ ನಾಲ್ಕು ಸಲ ಕರೆದೆ. ನೀವು ಬರಲಿಲ್ಲ. ಬೇಜಾರೇನಿಲ್ಲ. ಕೇಳಿಸೋದಿಲ್ಲ ಅಂತ ನೀವಾಗೇ ಬಾಯಿಬಿಟ್ಟು ಹೇಳಲಿ ಅಂತ ಕಾಯ್ತಿದ್ದೀನಿ. ನಾನಾಗಿ ಕೇಳಿ ನಿಮ್ಮ ಮುಖ ಸಣ್ಣದು ಮಾಡೋಕೆ ನನಗಿಷ್ಟ ಇಲ್ಲ. ಎಷ್ಟು ದಿನ ಆದ್ರೂ ಪರವಾಗಿಲ್ಲ, ಕಾಯ್ತೀನಿ."

ಅವತ್ತಿನಿಂದ ವೂಫರ್ ಹಾಕಿಲ್ಲ. ಟೈಲರಮ್ಮನ ಕತ್ತರಿ ಇದ್ದಲ್ಲೇ ಇದೆ.

ಕಾಗದ ಉದ್ದವಾಯಿತು. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನಿನ್ನ ಶಾಲೆಯ ಪುಟಾಣಿಗಳಿಗೆ ಒಂದೊಂದು ಮುತ್ತು. ನಿನ್ನ ತಲೆಯ ಮೇಲೆ ಇಲ್ಲಿಂದಲೇ ಕೈ ಇಟ್ಟಿದ್ದೇನೆ, ತಣ್ಣಗಿರು ತಾಯಿ.

ನಿನ್ನ
ಅಪ್ಪ

ಮರೆತು ಕೆಳಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಹೋದ ದಿನ, ಅಂಗಡಿಯಿಂದ ಬಂದು ನೋಡಿದಾಗ ಅವಳು ಬಚ್ಚಲಲ್ಲಿ ಬಿದ್ದಿದ್ದಳು ಎಂದು ನಿನಗೆ ಹೇಳಿದ್ದೆ. ಒಂದು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದರು ಎಂದು ಆಸ್ಪತ್ರೆಯಲ್ಲಿ ಅಂದಾಗ, ನೀನು ನನ್ನ ಕೈ ಹಿಡಿದು "ನೀನು ಮನೇಲೇ ಇರ್ಲಿಲ್ವಲ್ಲ ಅಪ್ಪ, ಏನು ಮಾಡೋಕಾಗ್ತಿತ್ತು" ಎಂದು ಸಮಾಧಾನ ಮಾಡಿದೆ. ನಾನು ಅವತ್ತು ಅಂಗಡಿಗೆ ಹೋಗಿರಲೇ ಇಲ್ಲ. ನಡುಮನೆಯಲ್ಲಿ ಕೂತು ಒಂದು ಆಂಪ್ಲಿಫೈಯರಿಗೆ ಬೆಸುಗೆ ಹಾಕುತ್ತಿದ್ದೆ. ಬಚ್ಚಲ ಬಾಗಿಲಿಗೂ ನನಗೂ ಹತ್ತು ಹೆಜ್ಜೆ. ಹೊಟ್ಟೆ ಹಸಿದು ಎದ್ದು ಹೋದಾಗಲೇ ನೋಡಿದ್ದು. ಬಾಗಿಲಿಗೆ ಚೊಂಬಿನಿಂದ ಬಡಿದಿದ್ದಳು, ಚೊಂಬಿನ ಅಂಚೆಲ್ಲ ನೆಗ್ಗಿಹೋಗಿತ್ತು. ನೀನು ಬರುವ ಮೊದಲೇ ಅದನ್ನು ದೂರ ಎಸೆದು ಬಂದೆ. ಇದನ್ನು ಓದಿ ನಿನಗೆ ನನ್ನನ್ನು ಬೈಯಬೇಕು ಅನ್ನಿಸುತ್ತದೆ, ಬೈಯಬೇಕು ಕೂಡ. ಆದರೆ ಬರೆದು ಬೈಯಮ್ಮಾ. ಫೋನಿನಲ್ಲಿ ಬೈದರೆ ನನಗೆ ಕೇಳಿಸುವುದಿಲ್ಲ.