ನಿದ್ದೆಯಲ್ಲೇ ಹೋದರು

ಅಮ್ಮಾ,

ನರ್ಸಿಂಗ್ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ. ಇವತ್ತು ವಾರ್ಡಿನಲ್ಲಿ ಮಿಸೆಸ್ ಕೊವಾಲ್ಚುಕ್ ಎಂಬ ಅಜ್ಜಿ ನನ್ನ ಕೈಹಿಡಿದುಕೊಂಡೇ ತೀರಿಕೊಂಡರು. ಬೆಳಗಿನಿಂದ ಉಸಿರಿಗಾಗಿ ಒದ್ದಾಡಿದ್ದರು. ಅವರ ಉಗುರು ನನ್ನ ಮಣಿಕಟ್ಟಿನಲ್ಲಿ ಇಳಿದಿತ್ತು. ಆಮೇಲೆ ನಮ್ಮ ಟೀಚರ್ ಮಾರ್ಲಿಸ್ ಜೊತೆ ಸೇರಿ ಅವರ ಮೈ ಒರೆಸಿದೆ.

"ಸುಮ್ನೆ ಒರೆಸ್ಬೇಡ, ಟೆಸ್. ನೀರು ಬೆಚ್ಚಗಿದೆ ಅಂತ ಅವ್ರಿಗೆ ಹೇಳು," ಎಂದರು. ಹೇಳಿದೆ.

ರಿಜೈನಾ ಊರಿನಿಂದ ಹಿಮದಲ್ಲಿ ಕಾರು ಓಡಿಸಿಕೊಂಡು ಅವರ ಮಗ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಜೊತೆಗೆ ನೀವಿದ್ರಾ? ಅಮ್ಮಂಗೆ ತುಂಬಾ ನೋವಾಯ್ತಾ?"

"ಇಲ್ಲ. ನಿದ್ದೆಯಲ್ಲೇ ಹೋದ್ರು," ಎಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಅವನು ಥ್ಯಾಂಕ್ಸ್ ಹೇಳಿ ಅತ್ತ.

ಅಮ್ಮಾ, ನೀನು ಹೋದ ದಿನ ತಡವಾಗಿ ಬಂದ ನನಗೂ ನಿನ್ನ ನರ್ಸ್ ಇದನ್ನೇ ಹೇಳಿದ್ದಳು. ಇವತ್ತಿನವರೆಗೆ ನಂಬಿದ್ದೆ.